ಅಲ್ಲದ ಬಿಯರು, ಅವ್ವನ ಸೋಮವಾರ

ಫೆಬ್ರುವರಿ 8, ಗುರುವಾರ, ಬೆಳಿಗ್ಗೆ 6 ಗಂಟೆ 40 ನಿಮಿಷ. ಕೆಲಸ ಶುರುವಾದ ಗಳಿಗೆಯನ್ನು ಬರೆದಿಟ್ಟರೆ ಅರ್ಧ ಕೆಲಸ ಮುಗಿದಂತೆ ಎಂದು ನಂಬಿದವನು ನಾನು. ಎಡವಟ್ಟಾಗುವುದು ಯಾವಾಗಲೂ ಉಳಿದರ್ಧದಲ್ಲಿ.

ಇದಕ್ಕೆಲ್ಲ ಮೂಲ, ದಿನಾ ಶಿರಹಟ್ಟಿಯಿಂದ ಬಸ್ಸಿನಲ್ಲಿ ಗದಗಿಗೆ ಬರುವ ನನ್ನ ಆಫೀಸಿನ ಗೆಳೆಯ ವೀರೇಶ. ಯಾವುದೋ ಹೋಟೆಲಿನಲ್ಲಿ ರಮ್ಮು, ಲಿಂಬೆರಸ, ಜಿಂಜರ್ ಬಿಯರ್ ಬೆರೆಸಿದ್ದನ್ನು ಕುಡಿದು ಬಂದು ಒಂದು ತಿಂಗಳು ಅದನ್ನೇ ವರ್ಣಿಸಿದ. ನನಗೆ ಕುಡಿಯುವುದಕ್ಕಿಂತ, ಅದು ಹೇಗೆ ಆಗುತ್ತದೆ ಎಂಬ ಕುತೂಹಲ. ನಮ್ಮ ಕಡೆ ಹಸಿಶುಂಠಿಗೆ ‘ಅಲ್ಲ’ ಎನ್ನುತ್ತೇವೆ. ಬೆಟಗೇರಿಯ ಅಂಗಡಿಯಲ್ಲಿ ಅಲ್ಲದ ಬಿಯರ್ ಕೇಳಿದರೆ, “ಬಿಯರ್ ಬೇಕಂದ್ರ ಆ ಕಡಿ ಹೋಗ್ರಿ, ಅಲ್ಲ ಬೇಕಂದ್ರ ಸಂತಿಗಿ ಹೋಗ್ರಿ. ಎರಡೂ ಕೂಡಿಸಿ ಕೇಳಿದವ್ರು ನೀವ ಮೊದಲ” ಎಂದರು.

ಆದ್ದರಿಂದ ಮನೆಯಲ್ಲೇ ಹೂಡಿದೆ. ಅಲ್ಲ ನೂರು ಗ್ರಾಂ, ಸಕ್ಕರೆ ಹನ್ನೆರಡು ಚಮಚ, ಲಿಂಬೆ ಎರಡು, ಬೇಕರಿಯಿಂದ ಬೇಡಿ ತಂದ ಯೀಸ್ಟ್ ಒಂದು ಚಿಟಿಕೆ, ನೀರು ಎರಡು ಲೀಟರ್. ದಿನಕ್ಕೊಮ್ಮೆ ಬಾಟಲಿಯ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು. ಆ ಸದ್ದನ್ನು ಗಡಿಯಾರ ಹಿಡಿದು ಅಳೆದೆ: ಶುಕ್ರವಾರ ಎರಡು ಸೆಕೆಂಡು, ಶನಿವಾರ ಐದು, ರವಿವಾರ ಒಂಬತ್ತು.

ಒಂಬತ್ತು ಸೆಕೆಂಡು ಅವ್ವನ ಕಿವಿಗೂ ಬಿತ್ತು. “ತಮ್ಮಾ, ಏನದು ಹಾವಿನಂಗ ಬುಸ್ ಅಂತೈತಿ? ಬಿಯರೇನು?”

“ಅಲ್ಲ!” ಎಂದೆ, ಗಾಬರಿಯಲ್ಲಿ.

“ಅಲ್ಲನಾ? ಹಂಗಾದ್ರ ಚಲೋ ಆತು. ಹೊಟ್ಟಿಗಿ ಹಿತ.”

ನಾನು ಹೇಳಿದ್ದು ಒಂದು, ಆಕೆ ತಿಳಿದದ್ದು ಇನ್ನೊಂದು. ಎರಡೂ ಪೂರ್ತಿ ಸುಳ್ಳಲ್ಲವಾದ್ದರಿಂದ ತಿದ್ದಲು ಹೋಗಲಿಲ್ಲ.

ಸೋಮವಾರ ಸಂಜೆ ವೀರೇಶ ಬುತ್ತಿಚೀಲದಲ್ಲಿ ರಮ್ಮು ಅಡಗಿಸಿಕೊಂಡು ನನ್ನ ಜೊತೆ ಮನೆಗೆ ಬಂದ. ನೋಡಿದರೆ ನನ್ನ ಅಲ್ಲದ ಬಿಯರಿನ ಬಾಟಲಿ ಅರ್ಧ ಖಾಲಿ.

“ಉಪಾಸದಾಗ ಹೊಟ್ಟಿ ಉಬ್ಬರಿಸಿತ್ತು,” ಎಂದಳು ಅವ್ವ. “ನಿನ್ನ ಅಲ್ಲದ ಪಾನಕ ದೇವರ ಮುಂದ ಇಟ್ಟು, ಆಮ್ಯಾಲ ಎರಡು ವಾಟಗ ಕುಡದೆ. ಏನ್ ತೇಗು ಬಂತೋ ಯಪ್ಪಾ!”

ಇಪ್ಪತ್ತೆರಡು ವರ್ಷದಿಂದ ಅವ್ವ ಒಂದು ಸೋಮವಾರವನ್ನೂ ಕೆಡಿಸಿಕೊಂಡವಳಲ್ಲ. ಜ್ವರದಲ್ಲಿ ಔಷಧಿಯನ್ನೂ ಸಂಜೆಗೆ ತಳ್ಳಿದವಳು. ನಾನು ವೀರೇಶನ ಮುಖ ನೋಡಿದೆ. ಅವನು ಚೀಲವನ್ನು ಕುರ್ಚಿಯ ಕೆಳಗೆ ಸರಿಸಿ, “ಅವ್ವಾರ, ತಲಿ ಏನರ ಗಿರ್ ಅಂತೇನ್ರಿ?” ಎಂದು ಕೇಳಿದ.

“ಹಗುರಾಗೇತಿ ನೋಡು! ಕುಂಡ್ರು, ನೀನೂ ಕುಡಿ. ತಮ್ಮಾ, ಬರೋ ಸೋಮವಾರ ನಮ್ಮ ಭಜನಿ ಮಂದಿಗೂ ಮಾಡು. ಹದಿನಾಲ್ಕು ಜನ ಆಕ್ಕೇವಿ.”

ರಮ್ಮು ಚೀಲದಲ್ಲೇ ಉಳಿಯಿತು. ಬರೀ ಅಲ್ಲದ ಬಿಯರನ್ನೇ ಕುಡಿದೆವು. ಖಾರ, ಹುಳಿ, ಚುರುಚುರು, ನಿಜಕ್ಕೂ ಚೆನ್ನಾಗಿತ್ತು.

ಆಮೇಲೆ ಫೋನಿನಲ್ಲಿ ಹುಡುಕಿದೆ. ಯೀಸ್ಟು ಸಕ್ಕರೆ ತಿಂದು ಗಾಳಿಯ ಜೊತೆ ಮದ್ಯವನ್ನೂ ಬಿಡುತ್ತದಂತೆ. ನಾಲ್ಕು ದಿನಕ್ಕೆ ಎಷ್ಟು ಎಂದರೆ ಒಬ್ಬರು ಲೆಕ್ಕಕ್ಕಿಲ್ಲ ಎನ್ನುತ್ತಾರೆ, ಇನ್ನೊಬ್ಬರು ಇದೆ ಎನ್ನುತ್ತಾರೆ. ಇದೆ ಎಂದಾದರೆ ಅವ್ವನ ಉಪವಾಸ ನನ್ನಿಂದ ಕೆಟ್ಟಿತು. ಇಲ್ಲ ಎಂದಾದರೆ ನಾನು ಇಷ್ಟೆಲ್ಲ ಅಳೆದು ಮಾಡಿದ್ದು ಪಾನಕ. ಯಾವ ಉತ್ತರ ಬರಲಿ ಎಂದು ಬಯಸುತ್ತಿದ್ದೇನೆ ಎಂಬುದನ್ನು ಡೈರಿಯಲ್ಲೂ ಬರೆದಿಲ್ಲ.

ಬಲ್ಲವರು ದಯವಿಟ್ಟು ಬರೆದು ತಿಳಿಸಿ, ಗುರುವಾರದೊಳಗೆ; ಹದಿನಾಲ್ಕು ಜನರ ಅಲ್ಲ ಅಂದೇ ಜಜ್ಜಬೇಕು. ಪತ್ರ ಮಾತ್ರ ಆಫೀಸಿಗೆ ಹಾಕಿ. ಮನೆಗೆ ಬಂದ ಟಪಾಲನ್ನು ಮೊದಲು ಒಡೆಯುವವಳು ಅವ್ವ. ಓದುವಾಗ ನನ್ನನ್ನೇ ಎದುರಿಗೆ ಕೂರಿಸಿಕೊಳ್ಳುತ್ತಾಳೆ.