ನಿಂತಲ್ಲೆ ನಿಲ್ಲದ ಪೆಡಲ್

ಹೊಲಿಗಿ ಮಷಿನ್ ಇದ್ದ ಮನ್ಯಾಗ ನಗಾಕ ಬ್ಯಾರೆ ಟಿ.ವಿ. ಬೇಕಾಗಿಲ್ರಿ. ಒಂದಿನ ದಾರ ಹರೀತೈತಿ, ಒಂದಿನ ಕರೆಂಟ್ ಹೋಗತೈತಿ, ಒಂದಿನ ಗಿರಾಕಿ ತಾನ ದಪ್ಪಾಗಿ ಬಂದು, ನೀನ ಬ್ಲೌಸ್ ಸಣ್ಣದು ಮಾಡಿದಿ ಅಂತ ಜಗಳಾ ತಗೀತಾಳ. ಆದ್ರ ನಮ್ಮ ಬೆಟಗೇರಿ ಮನ್ಯಾಗ ಒಂದು ಪೆಡಲ್ಲಿನಿಂದ ಆದಷ್ಟು ಫಜೀತಿ ಮತ್ತ್ಯಾತರಿಂದಾನೂ ಆಗಿಲ್ಲ.

ನಮ್ಮದು ನೇಕಾರರ ಮನಿ. ನಮ್ಮ ಮಾವನವರು ಪಡಸಾಲ್ಯಾಗ ಮಗ್ಗದ ಕುಣಿಯೊಳಗ ಕಾಲು ಇಳಿಬಿಟ್ಟು ಕುಂತು, ಸೀರಿ ನೇದು ನೇದು ಮುದುಕ ಆದವರು. ಅತ್ತಿಯವರದು ಬಾಯಿ ಜೋರು. ಅವರು ಬೈಯಾಕ ಸುರು ಮಾಡಿದ್ರ ಮಾವನವರು ಎದುರಾಡತಿರಲಿಲ್ಲ. ಲಾಳಿ ಹೊಡಕೋತ, ಲಟಕ್ ಪಟಕ್ ಅನಿಸ್ಕೋತ, ನಡುವ ಒಮ್ಮೆ "ಹೂಂ" ಅಂತಿದ್ರು, ಅಷ್ಟ. ಇಂಥಾ ಸಮಾಧಾನದ ಗಂಡಸು ಇಡೀ ಓಣ್ಯಾಗ ಇಲ್ಲಂತ ಹೆಂಗಸರು ಹೊಗಳತಿದ್ರು.

ಕಣ್ಣು ಮಂಜಾದ ಮ್ಯಾಲ ಮಾವನವರು ಮಗ್ಗ ಬಿಚ್ಚಿದ್ರು. ಅತ್ತಿಯವರು ದಾರಿ ಕಾಯ್ಕೊಂಡು ಕುಂತವರಂಗ ಕುಣಿ ಮಣ್ಣು ಹಾಕಿ ಮುಚ್ಚಿಸಿ, ಪಡಸಾಲಿ ತುಂಬ ಬಿಳಿ ಟೈಲ್ಸ್ ಹಾಕಿಸಿದ್ರು. ಬಗ್ಗಿ ಮುಖ ನೋಡಕೊಂಡು ಕುಂಕಮ ಹಚ್ಚಕೋಬಹುದು, ಅಷ್ಟು ಥಳಥಳ. ಮಗ್ಗ ಇದ್ದ ಜಾಗಾದಾಗ ನನ್ನ ಮಷಿನ್ ಬಂದು ಕುಂತಿತು.

ಮುಂದ ತುಳಿದು ತುಳಿದು ನನ್ನ ಮೊಣಕಾಲು ಬಾತವು. ಕಾಲಿಲೆ ತುಳಿಯೋ ಮಷಿನ್ ಇನ್ನ ಬ್ಯಾಡವಾ ಅಂತ ಡಾಕ್ಟರು ಖಡಾಖಂಡಿತ ಹೇಳಿದ್ರು. ನಮ್ಮ ಮನಿಯವರು ಮಷಿನ್ನಿಗೆ ಮೋಟರ್ ಕೂಡಿಸಿ ಕೊಟ್ರು. ಅದಕ್ಕೊಂದು ಕರೇ ಪೆಡಲ್ಲು, ಉದ್ದಾನ ವಾಯರಿನ ತುದೀಗೆ. ನೆಲದ ಮ್ಯಾಲ ಇಟ್ಟು ಹಗೂರ ಒತ್ತಿದ್ರ ಮಷಿನ್ ಓಡಬೇಕು. ನಮ್ಮ ಟೈಲ್ಸ್ ಮ್ಯಾಲ ಪೆಡಲ್ಲೇ ಓಡತಿತ್ತು. ಒತ್ತಿದ ಕೂಡಲೆ ಇಲಿಗತೆ ಬಾಲ ಎಳಕೊಂಡು ಗ್ವಾಡಿಗೆ ಹೋಗಿ ಬಡೀತಿತ್ತು.

ಅತ್ತಿಯವರು ಮೊದಲ ಹೇಳಿಬಿಟ್ರು: "ನನ್ನ ಟೈಲ್ಸಿಗೆ ಮೊಳಿ ಹೊಡದಿ, ಗೋಂದು ಹಚ್ಚಿದಿ ಅಂದ್ರ ನೋಡ ಮತ್ತ. ಹೊಂದಲಿಲ್ಲಂದ್ರ ಮೋಟರ್ ವಾಪಸ್ ಕೊಟ್ಟು ಹೊಲಿಗಿ ಬಿಟ್ಟು ಸುಮ್ನ ಕುಂಡ್ರು."

ಸುಮ್ನ ಕುಂಡ್ರೂದು ನನ್ನ ಜಾತಕದಾಗ ಬರದಿಲ್ಲ. ಹೊಲಿಗಿ ಅಂದ್ರ ನನಗ ಜೀವ. ಅದಕ್ಕ ಪೆಡಲ್ಲಿನ ಬೆನ್ನು ಹತ್ತಿದೆ.

ಉಳ್ಳಾಗಡ್ಡಿ ಇಲಾಜು

ಮೊದಲನೇ ವಾರ ಪೆಡಲ್ಲು ಎಲ್ಲಿ ಹೋಗತೈತಿ ಅಲ್ಲಿ ನನ್ನ ಕಾಲು ಹೋಗತಿತ್ತು. ಅದು ಮುಂದ ಸರಿದ್ರ ನಾ ಖುರ್ಚ್ಯಾಗ ಕೆಳಗ ಜಾರತಿದ್ದೆ. ಒಂದಿನ ಹಂಗ ಜಾರಿ ಜಾರಿ, ಗದ್ದ ಮಷಿನ್ನಿನ ಹಲಗಿ ಮ್ಯಾಲ ಬಂದಿತ್ತು. ಕಾಲು ಸೆಟದು ನೀಟಾಗಿದ್ದವು. ಹೆಬ್ಬೆರಳಿಗೆ ಪೆಡಲ್ಲು ಸಿಕ್ಕಂಗ ಸಿಕ್ಕು ತಪ್ಪತಿತ್ತು, ಅದಕ್ಕ ಕಾಲು ಪಟಪಟ ಬಡಿಯಾಕ ಹತ್ತಿದ್ದೆ. ದಾರ ಹಲ್ಲಾಗ ಕಚ್ಚಿದ್ದೆ.

ಅದ ಹೊತ್ತಿಗೆ ಅಂತೂರ-ಬೆಂತೂರದಿಂದ ಒಬ್ಬಾಕಿ ಹೊಸ ಗಿರಾಕಿ ಬ್ಲೌಸ್ ಅಳತಿ ಕೊಡಾಕ ಬಂದ್ಲು. ಬಾಗಲದಾಗ ನಿಂತು ನೋಡಿದ್ಲು. ಹಲ್ಲು ಕಚ್ಚ್ಯಾವ, ಕಾಲು ಬಡ್ಯಾಕತ್ತಾವ. ಆಕಿ ಕೈಚೀಲ ಅಲ್ಲೇ ಒಗದು, "ಯವ್ವಾ, ಅಕ್ಕಾರಿಗೆ ಫಿಟ್ಸ್ ಬಂದಾವ, ಬರ್ರಿ" ಅಂತ ಒದರಿದ್ಲು. ಫಿಟ್ಸ್ ಬಂದವರ ಕೈಯಾಗ ಕಬ್ಬಿಣ ಕೊಡಬೇಕಂತ ನಮ್ಮ ಕಡೆ ಎಲ್ಲಾರಿಗೂ ಗೊತ್ತು. ಆಕಿ ನನ್ನ ಕೈ ಬಿಡಿಸಿ ನೋಡಿದ್ಲು, ಕತ್ತರಿ ಇತ್ತು. "ಕಬ್ಬಿಣ ಐತ್ರಿ, ಉಳ್ಳಾಗಡ್ಡಿ ತರ್ರಿ" ಅಂದ್ಲು.

ಅತ್ತಿಯವರು ಅಡಗಿಮನಿಯಿಂದ ಓಡಿ ಬಂದು, ಹಿಂದ ಮುಂದ ಕೇಳದ ಉಳ್ಳಾಗಡ್ಡಿ ಜಜ್ಜಿ ನನ್ನ ಮೂಗಿಗೆ ಹಿಡದ್ರು. ನಾ "ಪೆಡಲ್ರಿ, ಪೆಡಲ್" ಅಂದ್ರ, "ಬಡಬಡಸಾಕ ಹತ್ಯಾಳ, ಇನ್ನೊಂದು ಜಜ್ಜರಿ" ಅಂದ್ಲು ಗಿರಾಕಿ. ಕಣ್ಣಾಗ ದಳದಳ ನೀರು ಬಂದು ನಾ ಎದ್ದು ನಿಂತೆ.

ಈಗೂ ಆಕಿ ಅಳತಿ ಕೊಡಾಕ ಬಂದ್ರ ಸೆರಗಿನ ತುದ್ಯಾಗ ಒಂದು ಉಳ್ಳಾಗಡ್ಡಿ ಕಟಗೊಂಡ ಬರತಾಳ.

ಹೊಂಟ ಖುರ್ಚಿ

ಓಣಿ ತುದ್ಯಾಗ ಪಂಕ್ಚರ್ ತಗಿಯೋ ಚಾಚಾ ಅದಾರ. ನನ್ನ ಗೋಳು ಕೇಳಿ ಅವರು, "ಬೇಟಿ, ರಬ್ಬರ್ ಇದ್ದಲ್ಲೆ ಜಾರೂದಿಲ್ಲ" ಅಂತ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಪೆಡಲ್ಲಿನ ತಳಕ್ಕ ಅಂಟಿಸಿ ಕೊಟ್ರು. ತಂದು ಇಟ್ಟು ಒತ್ತಿದೆ. ಖರೆನ, ಪೆಡಲ್ಲು ಒಂದು ಎಳ್ಳಷ್ಟೂ ಅಳ್ಳಾಡಲಿಲ್ಲ. ನನಗ ಭಾಳ ಖುಷಿ ಆತು. ಚಾಚಾಗ ಹೋಳಿಗಿ ಮಾಡಿ ಕಳಸಬೇಕಂತ ಅನಕೋತ, ಕಣ್ಣು ಸೂಜಿ ಮ್ಯಾಲ ಇಟ್ಟು ಹೊಲಿಯಾಕ ಹತ್ತಿದೆ.

ಹತ್ತಿದ್ರ, ಸೂಜಿ ದೂರ ದೂರ ಹೊಂಟಂಗ ಕಾಣಾಕ ಹತ್ತಿತು. ವಯಸ್ಸಾತು, ಚಷ್ಮಾ ಬೇಕೇನೋ ಅನಕೊಂಡೆ. ಆಮ್ಯಾಲ ತಿಳೀತು. ಪೆಡಲ್ಲು ನಿಂತಿತ್ತು, ನಾ ಹೊಂಟಿದ್ದೆ. ಕುಂತದ್ದು ಪ್ಲಾಸ್ಟಿಕ್ ಖುರ್ಚಿ, ಕೆಳಗ ಅದ ಟೈಲ್ಸ್. ಸರದಾಗೊಮ್ಮೆ ಖುರ್ಚಿ ಮುಂದ ಎಳಕೊಂಡೆ, ಒತ್ತಿದಾಗೊಮ್ಮೆ ಹಿಂದ ಹ್ವಾದೆ. ಕಡೀಕ ಹಟ ಹಿಡದು ಜೋರಲೆ ಒತ್ತಿದೆ. ಖುರ್ಚಿ ನನ್ನ ಹೊತಗೊಂಡು ಸರ್ರಂತ ಅಡಗಿಮನಿ ಹೊಸ್ತಲಕ್ಕ ಬಂದು ನಿಂತಿತು.

ಅತ್ತಿಯವರು ಒಲಿ ಮುಂದಿನಿಂದ ಹೊಳ್ಳಿ ನೋಡಿದ್ರು. "ಹೆಂಗೂ ಬಂದಿ, ಆ ಶೇಂಗಾ ಚಟ್ನಿ ಕುಟ್ಟಿ ಹೋಗು" ಅಂದ್ರು.

ಖುರ್ಚಿ ಕಾಲಿಗೂ ಟ್ಯೂಬ್ ಹಚ್ಚೂಣಂದ್ರ, ಅಷ್ಟೊತ್ತಿಗೆ ಪೆಡಲ್ಲಿನ ರಬ್ಬರು ಬಿಳಿ ಟೈಲ್ಸ್ ಮ್ಯಾಲ ಕರೇ ಕಲಿ ಮಾಡಿತ್ತು. ಅತ್ತಿಯವರು ಅದನ್ನ ನೋಡಿ ಊಟಾ ಬಿಟ್ಟು ಕುಂತ್ರು. ಕಲಿ ತಿಕ್ಕಿ ಹೋಗೋ ತನಕ ನನಗೂ ಊಟಾ ಇಲ್ಲ. ಟ್ಯೂಬ್ ಕಿತ್ತು ಒಗದೆ.

ಕೂಸಾದ ಗುಂಡಕಲ್ಲು

ಮುಂದ ನನ್ನ ತಲ್ಯಾಗ ಹೊಳದಿದ್ದು ನಮ್ಮ ಒಳ್ಳಿನ ಗುಂಡಕಲ್ಲು. ಒಳ್ಳಿನ್ಯಾಗ ರುಬ್ಬೋ ಆ ದಪ್ಪ ಕಲ್ಲಿಗೆ ಹಳೇ ಗ್ವಾಣಿಚೀಲ ಸುತ್ತಿ ಪೆಡಲ್ಲಿನ ಮುಂದ ಅಡ್ಡ ಇಟ್ಟೆ. ಕಲ್ಲು ಸರಿಯಂಗಿಲ್ಲ, ಪೆಡಲ್ಲು ಹೋಗಂಗಿಲ್ಲ, ಮೊಣಕಾಲಿಗೂ ಆರಾಮ. ಖುರ್ಚಿ ತಗದು ಭಾರಾದ ಕಟಗಿ ಸ್ಟೂಲ್ ಹಾಕಿದ್ದೆ. ಎಲ್ಲಾ ಬರೋಬ್ಬರಿ ನಡದಿತ್ತು.

ಎದರಮನಿ ಆಯಿ ಬಂದು ಕೆಡಿಸಿದ್ಲು. ಆಕಿ ಮೊಮ್ಮಗಳ ಕೂಸಿನ್ನ ಅವತ್ತು ಸಂಜಿಗೆ ತೊಟ್ಟಿಲಕ್ಕ ಹಾಕೋದಿತ್ತು. ನಮ್ಮ ಕಡೆ ಕೂಸಿಗಿಂತ ಮೊದಲ ಗುಂಡಕಲ್ಲಿನ ತಲಿಗೆ ಕುಂಚಗಿ ಟೊಪಗಿ ಹಾಕಿ ತೊಟ್ಟಿಲದಾಗ ಮಲಗಸ್ತಾರ, ಕೂಸು ಕಲ್ಲಿನಂಗ ಗಟ್ಟಿ ಆಗಲಿ ಅಂತ. ಈಗ ಎಲ್ಲಾರ ಮನ್ಯಾಗೂ ಮಿಕ್ಸರ್. ಓಣಿಗೆಲ್ಲಾ ಉಳದಿದ್ದು ನಮ್ಮದೊಂದ ಕಲ್ಲು.

"ಆಯಿ, ಕಲ್ಲು ಒಯ್ದ್ರ ಹೊಲಿಗಿ ನಿಲ್ಲತೈತಿ" ಅಂದೆ.

"ನಿಲ್ಲಲಿ ತಗೋ. ಯಾರದೈತಿ ಅಂಥಾ ಅರ್ಜೆಂಟ್ ಬ್ಲೌಸ್?"

"ನಿಮ್ಮ ಮೊಮ್ಮಗಳದು. ಸಂಜಿಗೆ ತೊಟ್ಟಿಲದ ಮುಂದ ತೊಟಗೊಳ್ಳಾಕ."

ಆಯಿ ಕಲ್ಲು ನೋಡಿದ್ಲು, ಬ್ಲೌಸ್ ನೋಡಿದ್ಲು. ಕಲ್ಲಿಲ್ಲದ ತೊಟ್ಟಿಲ ನಡಿಯಂಗಿಲ್ಲ, ಬ್ಲೌಸ್ ಇಲ್ಲದ ಬಾಣಂತಿ ಹೊರಗ ಬರಂಗಿಲ್ಲ. ಕಡೀಕ ಅತ್ತಿಯವರ ನ್ಯಾಯ ತೀರಿಸಿದ್ರು. "ಕೂಸಿನ ಕಾರಣಕ್ಕ ಇಲ್ಲ ಅನಬಾರದು, ಒಯ್ಯಿ" ಅಂತ ಕಲ್ಲು ಕೊಟ್ಟು, ತಾವ ಮಷಿನ್ನಿನ ಆಚಿ ಕಡೆ ಗ್ವಾಡಿಗೆ ಬೆನ್ನು ಕೊಟ್ಟು ಕುಂತು, ಎರಡೂ ಕಾಲು ಚಾಚಿ ಪೆಡಲ್ಲಿಗೆ ಅಂಗಾಲು ಹಚ್ಚಿದ್ರು. "ಹೂಂ, ಹೊಲಿ. ಜಲ್ದಿ ಮುಗಸು, ಕಾಲು ಜೋಮ ಹಿಡದ್ರ ನಾ ಜವಾಬ್ದಾರಿ ಅಲ್ಲ" ಅಂದ್ರು. ಖರೆ ಹೇಳತೀನಿ, ಅವತ್ತು ಅತ್ತಿಯವರ ಮ್ಯಾಲ ನನಗ ಭಾಳ ಪ್ರೀತಿ ಬಂತು.

ಮರದಿನ ಕಲ್ಲು ಮನಿಗೆ ಬಂತು. ಅರಿಷಿಣ ಕುಂಕಮ ಹಚ್ಚಿತ್ತು, ಕಾಡಗಿ ತೀಡಿತ್ತು, ತಲಿಗೆ ಜರಿ ಕುಂಚಗಿ ಇತ್ತು. ನಾ ಕುಂಚಗಿ ಬಿಚ್ಚಿ ಪೆಡಲ್ಲಿನ ಮುಂದ ಇಡಾಕ ಹ್ವಾದ್ರ ಅತ್ತಿಯವರು ಕೈ ಹಿಡದ್ರು. "ಕೂಸಾಗಿ ಬಂದೈತಿ, ಅದಕ್ಕ ಕಾಲು ಹಚ್ಚತಿಯೇನು?" ಅಂತ ಬೈದು, ಎತ್ತಿಕೊಂಡು ಒಳಗ ಒಯ್ದು, ಗಾಳಿ ಹತ್ತೀತು ಅಂತ ಬಾಗಲಾ ಮುಚ್ಚಿದ್ರು.

ಮಾವನವರ ಕುಣಿ

ಕಲ್ಲು ಹೋತು, ಪೆಡಲ್ಲು ಮತ್ತ ಗ್ವಾಡಿಗೆ ಓಡಾಕ ಹತ್ತಿತು. ಅದರಾಗ ಲಕ್ಷ್ಮೇಶ್ವರದ ಮದವಿ ಹೆಣ್ಣಿನ ಬ್ಲೌಸ್ ಗಂಟು ಬಂದು ಕುಂತಿತ್ತು. ಗತಿ ಇಲ್ಲದಕ್ಕ ಹಳೇ ಪದ್ಧತಿಲೆ ಕಾಲಿಲೆ ತುಳಿದೆ. ಮೊಣಕಾಲು ಕುಂಬಳಕಾಯಿ ಆತು. ನಮ್ಮ ಮನಿಯವರಿಗೆ, "ಮೋಟರ್ ವಾಪಸ್ ಕೊಟ್ಟು ಬರ್ರಿ, ಲಕ್ಷ್ಮೇಶ್ವರದವರ ಗಂಟೂ ಕೊಟ್ಟು ಬರ್ರಿ, ನನ್ನ ಹೊಲಿಗಿ ಮುಗೀತು" ಅಂದೆ. ಅನ್ನೂವಾಗ ಅಳು ಬಂತು, ತಡಕೊಳ್ಳಾಕ ಆಗಲಿಲ್ಲ.

ಅತ್ತಿಯವರು ತಂಗಿ ಮನ್ಯಾಗ ನಾಕ ದಿನ ಇರಾಕ ಡಂಬಳಕ್ಕ ಹೋಗಿದ್ರು. ಮೂಲ್ಯಾಗ ಕುಂತಿದ್ದ ಮಾವನವರು ಎದ್ದು ಬಂದ್ರು. ಮಗ್ಗ ಬಿಚ್ಚಿದಾಗಿಂದ ಅವರು ಮಾತಾಡಿದ್ದ ಕಡಿಮಿ.

"ಯವ್ವಾ, ತುಳಿಯೋದನ್ನ ಯಾರರ ನೆಲದ ಮ್ಯಾಲ ಇಡತಾರೇನು? ಅದು ನೆಲದಾಗ ಇರಬೇಕು" ಅಂದ್ರು.

ಉಳಿ ಸುತ್ತಿಗಿ ತಂದ್ರು. ನಾ "ಬ್ಯಾಡ್ರಿ ಮಾವಾರ, ಅತ್ತಿಯವರು ನನ್ನ ಕೊಲ್ಲತಾರ" ಅನ್ನೂದ್ರೊಳಗ ಮಷಿನ್ ಕೆಳಗಿನ ಟೈಲ್ಸ್ ಒಡದು ತಗದಿದ್ರು. ಕೆಳಗ ಅವರದ ಹಳೇ ಕುಣಿ, ಸಡಲ ಮಣ್ಣು. ಗೇಣುದ್ದ ತಗ್ಗು ತೋಡಿ, ಸುತ್ತ ಸಿಮೆಂಟ್ ಸವರಿ, ಒಣಗಿದ ಮ್ಯಾಲ ಪೆಡಲ್ಲು ಒಳಗ ಕೂಡಿಸಿದ್ರು. ಅಚ್ಚಿನ್ಯಾಗ ಬೆಲ್ಲ ಕುಂತಂಗ ಕುಂತಿತು. ನಾ ಒತ್ತಿದೆ. ಮಷಿನ್ ಓಡಿತು, ಪೆಡಲ್ಲು ಓಡಲಿಲ್ಲ. ಲಕ್ಷ್ಮೇಶ್ವರದ ಗಂಟು ಮುಗಸೇಬಿಟ್ಟೆ.

ಆಮ್ಯಾಲ ಮಾವನವರು, "ನಾನೂ ಒಮ್ಮೆ ಕಾಲು ಇಟ್ಟು ನೋಡಲೇನು?" ಅಂತ ಸಣ್ಣ ದನಿಲೆ ಕೇಳಿದ್ರು. ಹಳೇ ಅರಿವಿ ಚೂರು ಸೂಜಿ ಕೆಳಗ ಇಟ್ಟು ಕೊಟ್ಟೆ. ಕುಣ್ಯಾಗ ಕಾಲು ಇಳಿಬಿಟ್ಟು ಕುಂತ್ರು. ಮುಖದ ಮ್ಯಾಲ ಹಳೇ ಕಳಿ ಬಂತು.

ಅದ ಹೊತ್ತಿಗೆ ಅತ್ತಿಯವರು ಡಂಬಳದಿಂದ ಬಂದು ಬಾಗಲದಾಗ ನಿಂತ್ರು. ತಗ್ಗು ಕಂಡಿತು. ಚೀಲ ಕೆಳಗಿಟ್ಟು ಸುರು ಮಾಡಿದ್ರು: "ಬಂಗಾರದಂಥಾ ಟೈಲ್ಸ್ ಒಡದು..."

ಮಾವನವರು ಪೆಡಲ್ ಒತ್ತಿದ್ರು. ಝರ್ರ್.

ನಿಲ್ಲಿಸಿದ್ರು. "ನಾ ಸಾಯೋ ತನಕ ಈ ತಗ್ಗು ನನ್ನ ಬೆನ್ನು ಬಿಡ..." ಅಂದ್ರು ಅತ್ತಿಯವರು.

ಝರ್ರ್. "ಹೂಂ" ಅಂದ್ರು ಮಾವನವರು, ಮುಖದಾಗ ಅದ ಸಮಾಧಾನ.

ಅತ್ತಿಯವರು ಒಳಗ ಬಂದ್ರು. ಮಷಿನ್ ನೋಡಿದ್ರು, ಕುಣಿ ನೋಡಿದ್ರು, ಮಾವನವರ ಮುಖ ನೋಡಿದ್ರು. ಅವರ ಕಣ್ಣು ಮೆಲ್ಲಕ ದೊಡ್ಡಾದವು. "ಅಂದ್ರ ಇಷ್ಟು ವರ್ಷ ಮಗ್ಗದಾಗ ಕುಂತು, ನೀವು ನನ್ನ ಒಂದು ಮಾತೂ ಕೇಳೇ ಇಲ್ಲೇನು?"

"ಹೂಂ" ಅಂದ್ರು ಮಾವನವರು.

ನನ್ನ ಪೆಡಲ್ಲು ಈಗ ನಿಂತಲ್ಲೆ ನಿಂತೈತಿ. ಹೊಲಿಗೀನೂ ನಡದೈತಿ, ಮೊಣಕಾಲೂ ಇಳದಾವ. ಮಧ್ಯಾಹ್ನ ನಾ ಊಟಕ್ಕ ಎದ್ದ್ರ ಮಾವನವರು ಬಂದು ಕುಣ್ಯಾಗ ಕಾಲು ಇಳಿಬಿಟ್ಟು ಕುಂಡರತಾರ. ಆದ್ರ ಅತ್ತಿಯವರು ಅವರಿಗೆ ಏನರೆ ಹೇಳೋದಿತ್ತಂದ್ರ, ಮೊದಲ ಹೋಗಿ ಪ್ಲಗ್ ಕೀಳತಾರ, ಆಮ್ಯಾಲ ಬಾಯಿ ತಗೀತಾರ.