ಇಂಗಿಲ್ಲದ ಸಾರು

ಹೋಟೆಲಿನವರ ಮನೆಯಲ್ಲಿ ಹುಟ್ಟಿದವನಿಗೆ ಬರಬಾರದ ಕಾಯಿಲೆಯೇ ನನಗೆ ಬಂದಿದೆ. ಹೆಸರು ಸೀಲಿಯಾಕ್. ಗೋಧಿ, ಮೈದಾ, ರವೆ ಒಂದು ಚಿಟಿಕೆ ಒಳಗೆ ಹೋದರೂ ನನ್ನ ಕರುಳು ಮುಷ್ಕರ ಹೂಡುತ್ತದೆ. ಅಂಧೇರಿಯಲ್ಲಿ ಅಣ್ಣ ನಡೆಸುವ ಹೋಟೆಲಿನ ಮೈದಾದ ಬನ್ಸ್, ಗೋಳಿಬಜೆ ತಿಂದುಕೊಂಡೇ ನಲವತ್ತು ದಾಟಿದವನು ನಾನು. ಡಾಕ್ಟರು ವಿಷಯ ತಿಳಿಸಿದ ದಿನ ಮನೆಯಲ್ಲಿ ಯಾರೋ ತೀರಿಹೋದ ಹಾಗಾಯಿತು. "ಗೋಧಿ ಇಲ್ಲದೆ ಮನುಷ್ಯ ಬದುಕುವುದು ಹೇಗೆ ಮಗಾ?" ಎಂದು ಅಮ್ಮ ಕಣ್ಣೊರೆಸಿಕೊಂಡರು. ಹೊತ್ತು ಹೊತ್ತಿಗೆ ಕುಚ್ಚಲಕ್ಕಿ ಅನ್ನ, ನೀರುದೋಸೆ, ಅಕ್ಕಿತರಿಯ ಪುಂಡಿ ಬಡಿಸುತ್ತಾ ಬಂದವರು ಅವರೇ. ಆ ಕ್ಷಣಕ್ಕೆ ಅದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಹೊಳೆದ ಮೇಲೆ ಅಮ್ಮ ಸೊಂಟ ಕಟ್ಟಿ ನಿಂತರು. ಮನೆಗೆ ಗೋಧಿ ಬರುವುದು ಬಂದ್ ಆಯಿತು. ಚಪಾತಿಯೆಂದರೆ ಪ್ರಾಣ ಬಿಡುವ ನನ್ನ ಹೆಂಡತಿ ವಿದ್ಯಾ ಆಫೀಸಿನ ಡಬ್ಬಿಗೂ ಅನ್ನವನ್ನೇ ತುಂಬಿಕೊಂಡಳು. ಆದರೂ ನನ್ನ ಹೊಟ್ಟೆನೋವು ಹೋಗಲಿಲ್ಲ. ದಿನೇ ದಿನೇ ಇಳಿದುಹೋದೆ. ಲೋಕಲ್‌ನಲ್ಲಿ ಅಪರಿಚಿತರು ಎದ್ದು ಸೀಟು ಕೊಡತೊಡಗಿದರು. ಮುಂಬಯಿಯಲ್ಲಿ ಇದಕ್ಕಿಂತ ಗಾಬರಿಯ ಸಂಗತಿ ಬೇರೆ ಇಲ್ಲ.

ಅನುಮಾನ ಸಹಜವಾಗಿಯೇ ನನ್ನ ಮೇಲೆ ಬಿತ್ತು. "ಹೋಟೆಲಿಗೆ ಹೋಗಿ ಕದ್ದು ಬನ್ಸ್ ತಿಂತೀರಿ ಅಲ್ವಾ? ಸತ್ಯ ಹೇಳಿ," ಎಂದು ವಿದ್ಯಾ ಕೇಳಿದಳು. ಅಣ್ಣ ಕೌಂಟರಿನಿಂದಲೇ ಅವಳಿಗೆ ಫೋನು ಮಾಡಿ, "ಅವನು ಬಂದರೆ ಚಹಾ ಬಿಟ್ಟು ಬೇರೆಂತದೂ ಕೊಡಬೇಡಿ ಅಂತ ಎಲ್ಲರಿಗೂ ಹೇಳಿ ಇಟ್ಟಿದ್ದೇನೆ," ಎಂದ. ತಿನ್ನದ ಬನ್ಸಿಗೆ ಬೈಸಿಕೊಳ್ಳುವ ಸಂಕಟ ತಿಂದವರಿಗೆ ಅರ್ಥವಾಗದು.

ಕೊನೆಗೆ ವಿದ್ಯಾ, ಅಮ್ಮ ಇಬ್ಬರೂ ಸೇರಿ ನನ್ನನ್ನು ಬಾಂದ್ರಾದ ಒಬ್ಬ ಲೇಡಿ ಡಾಕ್ಟರ ಮುಂದೆ ಕೂರಿಸಿದರು. ಆಕೆ ನಮ್ಮ ಅಡುಗೆಯ ವಿವರವನ್ನೆಲ್ಲ ಕೇಳಿಕೊಂಡು, "ಔರ್ ಹೀಂಗ್?" ಎಂದರು. ಅಮ್ಮನ ಮುಖ ಅರಳಿತು. "ಇಂಗಾ? ಭರಪೂರ್! ಸಾರಿಗೆ, ಪಲ್ಯಕ್ಕೆ, ಮಜ್ಜಿಗೆಗೆ..." ಡಬ್ಬಿಯ ಇಂಗಿಗೆ ಸಾಮಾನ್ಯವಾಗಿ ಮೈದಾ ಬೆರೆಸಿರುತ್ತಾರೆಂದು ಡಾಕ್ಟರು ನಡುವೆಯೇ ತಡೆದು ಹೇಳಿದರು.

ಮನೆಗೆ ಬರುವಾಗ ರಿಕ್ಷಾದಲ್ಲಿ ಅಮ್ಮ ಸೆರಗು ಬಾಯಿಗಿಟ್ಟು ಅತ್ತರು. "ನನ್ನ ಕೈಯಾರೆ ನಿನಗೆ ವಿಷ ಹಾಕಿದೆನಲ್ಲ ಮಗಾ!"

"ಎಷ್ಟು ರುಚಿ ಇತ್ತಮ್ಮ ಆ ವಿಷ," ಎಂದೆ. ನಗಿಸಲು ಹೇಳಿದ್ದು, ಅವರು ಇನ್ನೂ ಜೋರಾಗಿ ಅತ್ತರು. ರಿಕ್ಷಾದವನು ಕನ್ನಡಿಯಲ್ಲಿ ನನ್ನನ್ನು ದುರುಗುಟ್ಟಿ ನೋಡಿದ.

ಅಂದೇ ಇಂಗಿನ ಡಬ್ಬಿ ಕಸಕ್ಕೆ ಹೋಯಿತು. ನೆಂಟರೆಲ್ಲ ಹೊಗಳುತ್ತಿದ್ದ ತಮ್ಮ ಸಾರನ್ನು ಅಮ್ಮ ಎಪ್ಪತ್ತು ದಾಟಿದ ಮೇಲೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ ಹೊಸದಾಗಿ ಕಲಿಯತೊಡಗಿದರು. ಮೊದಮೊದಲು ರುಚಿ ನೋಡಿ ತಾವೇ ಮುಖ ಕಿವುಚುತ್ತಿದ್ದರು. ಅಣ್ಣ ಹೋಟೆಲಿನಲ್ಲಿ ನನಗೆಂದೇ ಬೇರೆ ಕಾವಲಿ ಇಟ್ಟ. ಗಿರಾಕಿಗಳ ನೂಕುನುಗ್ಗಲಿನಲ್ಲೂ ಅದರ ಮೇಲೆ ಮತ್ತೊಬ್ಬರ ದೋಸೆ ಹುಯ್ಯಲು ಬಿಡಲಿಲ್ಲ. ಮದುವೆಗಳಿಗೆ ವಿದ್ಯಾ ಡಬ್ಬಿಯಲ್ಲಿ ನನ್ನ ಊಟ ತಂದು, ನನಗೆ ನಾಚಿಕೆಯಾಗದಿರಲೆಂದು ತಾನೂ ಅದನ್ನೇ ಉಂಡಳು. ಒಂದು ಹೊಟ್ಟೆಗಾಗಿ ಇಷ್ಟು ಜನ ಒದ್ದಾಡುವುದನ್ನು ಕಂಡು ಆ ಹೊಟ್ಟೆಯೇ ನಾಚಿ ಸರಿಹೋಯಿತು.

ಸರಿಹೋದದ್ದು ತುಸು ಹೆಚ್ಚೇ. ಮೊನ್ನೆ ತಪಾಸಣೆಗೆ ಒಬ್ಬನೇ ಹೋಗಿದ್ದೆ. ಡಾಕ್ಟರು ನನ್ನ ತೂಕ ನೋಡಿ, "ಬಹುತ್ ಬಢಿಯಾ! ಅಬ್ ಚಾವಲ್ ಥೋಡಾ ಕಮ್ ಕರೋ," ಎಂದರು. ಅನ್ನ ಕಡಿಮೆ ಮಾಡಬೇಕಂತೆ! ಮನೆಯ ಬಾಗಿಲಲ್ಲೇ ಅಮ್ಮ ಕಾಯುತ್ತಿದ್ದರು. "ಎಂತ ಹೇಳಿದ್ರು?"

"ಎಲ್ಲ ಒಳ್ಳೇದುಂಟಂತೆ," ಎಂದೆ.

ಆ ಖುಷಿಗೆ ಅವರು ಇನ್ನೊಂದು ಸೌಟು ಅನ್ನ ಬಡಿಸಿದರು. ಬೇಡವೆನ್ನುವ ಧೈರ್ಯ ನನಗೆ ಬರಲಿಲ್ಲ. ನಿಜ ಹೇಳಬೇಕೆಂದರೆ, ಬರಲಿ ಎಂದು ನಾನು ಕಾಯಲೂ ಇಲ್ಲ.