ನನ್ನ ಲಾರಿಯ ಒರಿಜಿನಲ್ ಪಾರ್ಟುಗಳು

ಹಳೇ ಲಾರಿ ತಗೊಂಡವನಿಗೆ ಹೆದರಿಕೊಳ್ಳಾಕೆ ಬೇರೆ ಕಾರಣ ಬೇಕಾಗೋದಿಲ್ಲ. ಬೆಳಗ್ಗೆ ಕೀಲಿ ತಿರುಗಿಸಿದರೆ ಸಾಕು, ಆ ದಿನದ್ದು ಶುರುವಾಗುತ್ತೆ.

ಬೇರೆಯವರ ಗಾಡಿಗೆ ಡ್ರೈವರಾಗಿ, ಅವರ ಬೈಗುಳ ಕೇಳಿ ಕೇಳಿ ಸಾಕಾಗಿ, ಕೊನೆಗೂ ನನ್ನದೇ ಅಂತ ಒಂದು ಹಳೇ ಡೀಸೆಲ್ ಲಾರಿ ತಗೊಂಡೆ. ಕೆಲಸ ಬಿಟ್ಟು ಬರುವಾಗ ಸಾಹುಕಾರರು, "ಎಂಜಿನ್ ಕೈಕೊಟ್ಟ ದಿನ ಮತ್ತೆ ನನ್ನ ಬಾಗಿಲಿಗೇ ಬರ್ತೀಯ, ಹೋಗು" ಅಂದರು. ಆ ಮಾತು ಎದೆಯೊಳಗೆ ಕೂತುಬಿಟ್ಟಿತು. ಏನಾದರೂ ಆಗಲಿ, ಆ ಬಾಗಿಲಿಗೆ ಮಾತ್ರ ಹೋಗಬಾರದು. ಅದಕ್ಕೇ ಎಂಜಿನ್‌ನೊಳಗೆ ಯಾವ ಪಾರ್ಟು ಕಂಪನಿಯದು, ಯಾವುದು ಡೂಪ್ಲಿಕೇಟ್ ಅಂತ ಹುಡುಕಿಸಿ, ಡೂಪ್ಲಿಕೇಟನ್ನೆಲ್ಲ ಕಿತ್ತು ಒರಿಜಿನಲ್ ಹಾಕಿಸೋದು ಅಂತ ತೀರ್ಮಾನ ಮಾಡಿದೆ. ಹೆದರಿಕೆ ಕಮ್ಮಿ ಆಗಲಿ ಅಂತ ಮಾಡಿದ ತೀರ್ಮಾನ ಅದು.

ಬೆಳ್ಳಿ ಬಣ್ಣದ ಎಂಜಿನ್

ಹೊನ್ನಾಳಿಯ ಮೇಸ್ತ್ರಿ ಹತ್ತಿರ ಲಾರಿ ಒಯ್ದೆ. ನಾನು ಒಬ್ಬನೇ ಹೋದರೆ ಹೆದರಿ ಅರ್ಧ ಮಾತು ಕೇಳಿಸಿಕೊಳ್ಳೋದಿಲ್ಲ ಅಂತ ಹೆಂಡತಿಯೂ ಜೊತೆಗೆ ಬಂದಳು. ಮೇಸ್ತ್ರಿ ಬಾನೆಟ್ ಎತ್ತಿ ನೋಡಿ ಸುಮ್ಮನೆ ನಿಂತುಬಿಟ್ಟರು. ಡಾಕ್ಟರು ರಿಪೋರ್ಟ್ ನೋಡಿ ಮಾತಾಡದೆ ಇದ್ದರೆ ಆಗುತ್ತಲ್ಲ, ನನಗೆ ಹಂಗಾಯ್ತು.

"ಏನಾಗೈತ್ರೀ?" ಅಂದೆ.

"ಎಲ್ಲಾ ಒಂದೇ ಬಣ್ಣ ಐತಲ್ರೀ."

ನೋಡಿದರೆ ಹೌದು. ಹಿಂದಿನ ಮಾಲೀಕರೆಲ್ಲ ಪ್ರತಿ ಆಯುಧ ಪೂಜೆಗೂ ಭಕ್ತಿಯಿಂದ ಎಂಜಿನ್‌ಗೆ ಬೆಳ್ಳಿ ಬಣ್ಣ ಬಳಿದಿದ್ದಾರೆ. ಪಂಪು, ಪೈಪು, ಬೋಲ್ಟು ಒಂದನ್ನೂ ಬಿಟ್ಟಿಲ್ಲ. ಬಣ್ಣದ ಮೇಲೆ ವಿಭೂತಿ, ವಿಭೂತಿ ಮೇಲೆ ಕುಂಕುಮ, ಅದರ ಮೇಲೆ ಮುಂದಿನ ವರ್ಷದ ಬಣ್ಣ. ಕಂಪನಿಯ ಗುರುತು, ನಂಬರು ಎಲ್ಲ ಪಾರ್ಟಿನ ಮೈಮೇಲೇ ಇರುತ್ತೆ, ಆದರೆ ಅದು ಅಡೀಲಿ ಎಲ್ಲೋ ಐತೆ. ಮೇಸ್ತ್ರಿ ತಂತಿ ಬ್ರಷ್ಷು, ಸೀಮೆಎಣ್ಣೆ ತಗೊಂಡು ಕೈ ಹಾಕಿದರು. ಹೆಂಡತಿ ತಡೆದಳು.

"ವಿಭೂತಿ ಕೆರೀತೀರಾ? ಇಷ್ಟು ದಿನ ಇದನ್ನ ಓಡಿಸಿದ್ದೇ ಅದು."

ಕೆರೆದರೆ ದೇವರು ಮುನಿಯುತ್ತಾನೆ, ಕೆರೆಯದಿದ್ದರೆ ಸಾಹುಕಾರರ ಬಾಗಿಲು. ಕೊನೆಗೆ ಅವಳೇ ಕೈಮುಗಿದು, ತಪ್ಪಾಯ್ತಪ್ಪ ಅಂತ ಹೇಳಿ, ಒದ್ದೆ ಬಟ್ಟೆಯಿಂದ ವಿಭೂತಿ ಒರೆಸಿದಳು. ಮೇಸ್ತ್ರಿ ಉಜ್ಜಾಕೆ ಶುರು ಮಾಡಿದರು. ಬೆಳ್ಳಿ ಬಣ್ಣ ಹೋಯ್ತು, ಹಸಿರು ಬಂತು. ಹಸಿರು ಹೋಯ್ತು, ಮತ್ತೆ ಕುಂಕುಮ ಬಂತು. ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿ ಬೆವರು ಒರೆಸಿಕೊಂಡು ಹೆಂಡತಿ ಕಡೆ ತಿರುಗಿದರು.

"ಅಕ್ಕಾರೆ, ಯಾವ ಕಂಪನಿದು ಅಂತ ಇನ್ನೂ ಗೊತ್ತಾಗ್ತಿಲ್ಲ. ದೇವರ ಕಂಪನಿದು ಅನ್ನಾದು ಮಾತ್ರ ಗ್ಯಾರಂಟಿ."

ಮಾವನವರ ಪರೀಕ್ಷೆ

ಬಣ್ಣ ಹೋದ ಮೇಲೆ ಕಂಡಿದ್ದು ನೋಡಿ ನನಗೆ ಊಟ ಸೇರಲಿಲ್ಲ. ನೀರಿನ ಪಂಪು ಯಾವುದೋ ಟ್ರ್ಯಾಕ್ಟರಿಂದು, ಡೀಸೆಲ್ ಪೈಪು ಯಾರದು ಅಂತ ಅದಕ್ಕೇ ಗೊತ್ತಿಲ್ಲ. ಹೊಸದು ತರೋಣ ಅಂದರೆ ಅಂಗಡಿಯಲ್ಲೂ ಡೂಪ್ಲಿಕೇಟ್ ಕೊಟ್ಟರೆ ಅನ್ನೋ ಹೆದರಿಕೆ. ಅದಕ್ಕೆ ಚನ್ನಗಿರಿಯಲ್ಲಿರೋ ಮಾವನವರನ್ನು ಜೊತೆಗೆ ಕರಕೊಂಡು ಹೋದೆ. ಅವರು ಅಡಿಕೆ ವ್ಯಾಪಾರಸ್ಥರು. ಮಾಲು ನೋಡೋದರಲ್ಲಿ ಅವರ ಕಣ್ಣು ತಪ್ಪಿಸೋರು ಆ ಊರಲ್ಲಿ ಇಲ್ಲ.

ಅಂಗಡಿಯವರು ಡೀಸೆಲ್ ಪೈಪು ಮುಂದಿಟ್ಟು, "ಕಂಪನಿ ಸ್ಟಿಕರ್ ನೋಡ್ಕಳ್ರಿ, ಹೊಳೀತೈತೆ" ಅಂದರು.

"ಸ್ಟಿಕರ್ ಯಾರು ಬೇಕಾದ್ರೂ ಅಂಟಿಸ್ತಾರೆ. ಒಳಗೆ ನೋಡದೆ ಹೆಂಗ್ರೀ ತಗಳ್ಳಾದು?" ಅಂದ ಮಾವನವರು ಎಲೆಅಡಿಕೆ ಸಂಚಿಯಿಂದ ಅಡಕತ್ತರಿ ತೆಗೆದರು. ನಾನು ಬ್ಯಾಡ್ರಿ ಅನ್ನೋದರೊಳಗೆ ಕಟಕ್ ಅಂತು. ಪೈಪು ಎರಡು ತುಂಡು.

ಮಾವನವರು ಎರಡೂ ತುಂಡನ್ನು ಬೆಳಕಿಗೆ ಹಿಡಿದರು, ಮೂಸಿದರು, ಉಗುರಿನಿಂದ ಒತ್ತಿ ನೋಡಿದರು. "ಒಳಗೆ ದಾರದ ನೇಯ್ಗೆ ಗಟ್ಟಿ ಐತೆ. ಮಾಲು ಚೆನ್ನಾಗೈತೆ ಅಳಿಯಂದ್ರೆ. ಒರಿಜಿನಲ್."

"ಒರಿಜಿನಲ್ ಆಗಿತ್ತು ಸ್ವಾಮಿ" ಅಂದರು ಅಂಗಡಿಯವರು.

ತುಂಡಾಗಿದ್ದನ್ನೂ ತಗೊಂಡು, ಅದೇ ಡಬ್ಬದ ಇನ್ನೊಂದನ್ನೂ ತಗೊಂಡು ಹೊರಟೆವು. ದಾರಿಯಲ್ಲಿ ಮಾವನವರಿಗೆ ಸಮಾಧಾನ ಇಲ್ಲ. "ಅದೇನೋ ನೋಡಿದ್ವಿ, ಸರಿ. ಈ ಇನ್ನೊಂದನ್ನ ಒಳಗೆ ನೋಡ್ಲೇ ಇಲ್ಲವಲ್ಲ" ಅಂತ ಕೈ ಮತ್ತೆ ಸಂಚಿಗೆ ಹೋಯ್ತು. ಹೊನ್ನಾಳಿ ಮುಟ್ಟೋವರೆಗೂ ಆ ಪೈಪಿನ ಮೇಲೆ ನಾನು ಕೂತುಕೊಂಡೇ ಬಂದೆ.

ಶಬ್ದ

ಮೊದಲ ದಿನದಿಂದ ನನ್ನ ಎಂಜಿನ್‌ನೊಳಗೆ ಟಕಟಕ ಅಂತ ಒಂದು ಶಬ್ದ ಇತ್ತು. ಅದು ಕೇಳಿದಾಗಲೆಲ್ಲ ಸಾಹುಕಾರರ ಮಾತು ನೆನಪಾಗುತ್ತಿತ್ತು. ಎಂಜಿನ್‌ಗೆ ಡೀಸೆಲ್ ಚಿಮ್ಮಿಸೋ ನಾಜಲ್‌ಗಳು ಕಂಪನಿಯವಲ್ಲ ಅಂತ ಮೇಸ್ತ್ರಿ ಅವನ್ನೂ ಕಿತ್ತು ಒರಿಜಿನಲ್ ಹಾಕಿದರು. ಮಾರನೇ ದಿನ ನ್ಯಾಮತಿಯಲ್ಲಿ ಗೊಬ್ಬರ ತುಂಬಿಕೊಂಡು ಸವಳಂಗದ ಕಡೆ ಹೊರಟೆ.

ಊರು ದಾಟೋ ಹೊತ್ತಿಗೆ ಏನೋ ಸರಿ ಇಲ್ಲ ಅನ್ನಿಸಿತು. ಕಿವಿಗೊಟ್ಟು ಕೇಳಿದೆ. ಟಕಟಕ ಇಲ್ಲ. ಕಿಟಕಿ ಗಾಜು ಇಳಿಸಿದೆ, ಆಗಲೂ ಇಲ್ಲ. ಯಾವಾಗಲೂ ಅಳೋ ಕೂಸು ಸುಮ್ಮನಾದರೆ ತಾಯಿ ಹೆದರೋದಿಲ್ಲವೇ? ಲಾರಿ ಪಕ್ಕಕ್ಕೆ ಹಾಕಿ ಫೋನ್ ಮಾಡಿದೆ.

"ಮೇಸ್ತ್ರಿ, ಶಬ್ದ ಬರ್ತಿಲ್ಲ."

"ಯಾವ ಶಬ್ದ?"

"ಅದೇ, ಟಕಟಕ."

"ಅದು ಹೋಗ್ಲಿ ಅಂತಾನೇ ಅಲ್ಲೇನ್ರೀ ನಾಜಲ್ ಹಾಕಿಸಿದ್ದು?"

"ನಿಜವಾಗ್ಲೂ ಹೋಗೈತಾ, ಇಲ್ಲಾ ಒಳಗೇ ಎಲ್ಲಾದ್ರೂ ಅಡಗಿ ಕೂತೈತಾ?"

ಮೇಸ್ತ್ರಿ ಬಹಳ ಸಮಾಧಾನವಾಗಿ ಹೇಳಿದರು, "ಹಳೇ ನಾಜಲ್ ಇನ್ನೂ ಗುಜರಿಗೆ ಹಾಕಿಲ್ಲ. ಧೈರ್ಯ ಸಾಲದಿದ್ರೆ ವಾಪಸ್ ಬರ್ರಿ, ಅವನ್ನೇ ಹಾಕ್ಕೊಡ್ತೀನಿ."

ಬಿಳಿಚೋಡಿನಲ್ಲಿ ಆಗಿದ್ದು

ಡೂಪ್ಲಿಕೇಟ್ ಎಲ್ಲಾ ಹೋಯ್ತು, ಇನ್ನು ಹೆದರಬೇಡ್ರಿ ಅಂತ ಮೇಸ್ತ್ರಿ ಹೇಳಿದ ವಾರವೇ ಜಗಳೂರು ಕಡೆಯ ಬಾಡಿಗೆ ಸಿಕ್ಕಿತು. ಬಿಳಿಚೋಡಿನಲ್ಲಿ ಮೆಕ್ಕೆಜೋಳ ತುಂಬಬೇಕು. ಗಾಡಿ ಹೆಂಗೆ ಓಡುತ್ತೆ ನೋಡ್ತೀನಿ ಅಂತ ಮಾವನವರೂ ಹತ್ತಿದರು. ದಾರಿಯುದ್ದಕ್ಕೂ ನನ್ನದು ಒಂದೇ ಪ್ರಾರ್ಥನೆ, ಎಂಜಿನ್ ನಿಲ್ಲದಿರಲಿ. ನಿಲ್ಲಲಿಲ್ಲ.

ಕಣದ ಹತ್ತಿರ ಲಾರಿ ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ. ಆಗಲಿಲ್ಲ. ಕೀಲಿ ಕಿತ್ತು ಕೈಯಲ್ಲಿ ಹಿಡಿದೆ. ಎಂಜಿನ್ ಇನ್ನೂ ಜೋರಾಯ್ತು. ಡೀಸೆಲ್ ಬಂದ್ ಆಗಿದ್ದರೂ ತಾನೇ ತಾನಾಗಿ ಏರುತ್ತಾ ಏರುತ್ತಾ ಕೂಗಾಕೆ ಶುರು ಮಾಡಿತು. ಬಿಳಿ ಹೊಗೆ ಕಣವನ್ನೆಲ್ಲ ಮುಚ್ಚಿತು. ಲೋಡ್ ಮಾಡಾಕೆ ಬಂದವರು ಚೀಲ ಬಿಸಾಕಿ ಓಡಿದರು, ನಾನೂ ಹಾರಿ ಓಡಿದೆ. ಸುಳ್ಳು ಯಾಕೆ ಹೇಳಲಿ, ಸ್ಫೋಟ ಆಗುತ್ತೆ ಅಂತ ಕಣ್ಣು ಮುಚ್ಚಿಕೊಂಡು ಮನೆದೇವರನ್ನು ನೆನೆದೆ. ಒಳಗೆ ಹೋಗಿ ಗೇರು ಹಾಕಿ ನಿಲ್ಲಿಸಾಕೆ ಯಾರಿಗೂ ಧೈರ್ಯ ಇಲ್ಲ. ಅಲ್ಲಿಂದಲೇ ಮೇಸ್ತ್ರಿಗೆ ಫೋನ್ ಹಚ್ಚಿದೆ.

"ಗಾಳಿ ಎಳೆಯೋ ಪೈಪಿನ ಬಾಯಿ ಮುಚ್ರಿ. ದಪ್ಪ ಬಟ್ಟೆ ತುರುಕ್ರಿ. ಬರಿಗೈ ಇಡಬ್ಯಾಡ್ರಿ" ಅಂತ ಅವರು ಕೂಗಿದರು.

ನಾನು ಅದನ್ನೇ ಜೋರಾಗಿ ಹೇಳಿದೆ. ಎಲ್ಲರೂ ಮುಖ ಮುಖ ನೋಡಿದರು. ಮಾವನವರು ಮಾತ್ರ ಉಟ್ಟ ಪಂಚೆ ಬಿಚ್ಚಿ, ಮಡಿಚಿ, ಪಟ್ಟೆಪಟ್ಟೆ ಚಡ್ಡಿಯಲ್ಲಿ ಹೊಗೆಯೊಳಗೆ ನುಗ್ಗಿ ಅದನ್ನ ಪೈಪಿನ ಬಾಯಿಗೆ ತುರುಕಿದರು. ಎಂಜಿನ್ ಒಂದು ಸಲ ಸೊರ್ರ್ ಅಂತ ಎಳೆಯಿತು, ಕೆಮ್ಮಿತು, ನಿಂತಿತು.

ಮೇಸ್ತ್ರಿ ಬೈಕ್ ಮೇಲೆ ಬರೋ ಹೊತ್ತಿಗೆ ನಾನು ಮನಸ್ಸಿನಲ್ಲೇ ಸಾಹುಕಾರರ ಬಾಗಿಲ ಮುಂದೆ ಚಪ್ಪಲಿ ಬಿಟ್ಟು ನಿಂತಾಗಿತ್ತು. ಅವರು ಪಂಚೆ ಎಳೆದು ತೆಗೆದರು, ರಾಡು ಹಾಕಿ ಎಂಜಿನನ್ನು ಕೈಯಿಂದ ತಿರುಗಿಸಿದರು. ತಿರುಗಿತು.

"ಎಂಜಿನ್ ಉಳಿದೈತ್ರೀ. ಗಾಳಿ ತುಂಬೋ ಟರ್ಬೋ ಮಾತ್ರ ಹೋಗೈತೆ. ಅದರ ಸೀಲ್ ಕಿತ್ತು ಆಯಿಲ್ ಒಳಗೆ ಸೋರೈತೆ, ಎಂಜಿನ್ ಅದನ್ನೇ ಕುಡಿದು ಓಡೈತೆ."

ಅಲ್ಲೇ ಕೂತು ಅತ್ತುಬಿಟ್ಟೆ. ಅತ್ತಾದ ಮೇಲೆ ಸಿಟ್ಟು ಬಂತು. "ಯಾವನ್ರೀ ಆ ಡೂಪ್ಲಿಕೇಟ್ ಟರ್ಬೋ ಹಾಕಿದ್ದು? ಎಲ್ಲಾ ಬದಲು ಮಾಡಿದೋರು ಅದೊಂದನ್ನ ಯಾಕೆ ಬಿಟ್ರಿ?"

ಮೇಸ್ತ್ರಿ ತಲೆ ಕೆರೆದುಕೊಂಡರು. "ಈ ಗಾಡಿ ಹುಟ್ಟಿದಾಗಿಂದ ಇದ್ದ ಒರಿಜಿನಲ್ ಅದೊಂದೇ ರೀ. ಅದಕ್ಕೇ ನಾನು ಮುಟ್ಟಿರ್ಲಿಲ್ಲ."

ಗೋಣಿಚೀಲ ಸುತ್ತಿಕೊಂಡು ಮೆಕ್ಕೆಜೋಳದ ರಾಶಿ ಮೇಲೆ ಕೂತಿದ್ದ ಮಾವನವರು ನನ್ನ ಕಡೆ ತಿರುಗಿದರು.

"ಅಳಿಯಂದ್ರೆ, ಈ ಸಲ ಒಂದು ಒಳ್ಳೆ ಡೂಪ್ಲಿಕೇಟ್ ನೋಡಿ ಹಾಕಿಸಿಬಿಡ್ರಿ."